ಮಳೆಗಾಲದ ಹಳ್ಳ, ಅಬ್ಬಿ ಫೋಟೋಗೆ ಕಡಿಮೆ ದುಡ್ಡಿನ ಎನ್‌ಡಿ ಫಿಲ್ಟರ್ ಯಾವುದು ತಗೊಳ್ಳಲಿ?

ಹೊಸನಗರ ತೋಟದವ:

ಎಲ್ಲರಿಗೂ ನಮಸ್ಕಾರ. ಹೊಸನಗರ ಕಡೆಯವನು, ಅಡಿಕೆ ತೋಟ ಇದೆ. ಕ್ಯಾಮೆರಾ ಕ್ಯಾನನ್ 1500ಡಿ. ಅದರ ಜೊತೆಗೇ ಬಂದ 18-55 ಮತ್ತು 55-250, ಎರಡೇ ಲೆನ್ಸ್. ಮುಂದಿನ ವರ್ಷ ಅಡಿಕೆಗೆ ರೇಟು ಸಿಕ್ಕರೆ ಇನ್ನೂ ಅಗಲ ದೃಶ್ಯ ಹಿಡಿಯುವ 10-18 ಲೆನ್ಸ್ ತಗೊಳ್ಳುವ ಯೋಚನೆ ಇದೆ.

ನಮ್ಮ ತೋಟದ ಮೇಲ್ಗಡೆ ಒಂದು ಹಳ್ಳ ಇದೆ. ಆರಿದ್ರ ಮಳೆ ಹಿಡಿದರೆ ದೀಪಾವಳಿವರೆಗೂ ಹರಿಯುತ್ತದೆ. ಒಂದು ಕಡೆ ಎರಡಾಳು ಎತ್ತರದಿಂದ ಬೀಳುತ್ತದೆ, ಸುತ್ತ ದಟ್ಟ ಕಾಡು. ನೀರು ಹಾಲಿನ ಹಾಗೆ ಕಾಣುವ ಫೋಟೋ ಬೇಕು ಅಂತ ಆಸೆ. ಬಿಸಿಲು ಬಿದ್ದಾಗ ಶಟರ್ ನಿಧಾನ ಮಾಡಿದರೆ ಎಲ್ಲ ಬೆಳ್ಳಗಾಗಿ ಹೋಗುತ್ತದೆ. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು, ಹಾಕಬೇಕು ಅಂತ ಓದಿ ಗೊತ್ತಾಯಿತು. ಹುಡುಕಿದರೆ ತಲೆ ತಿರುಗುತ್ತದೆ. 400 ರೂಪಾಯಿಗೆ ತಿರುಗಿಸುವ ವೇರಿಯೆಬಲ್ ಫಿಲ್ಟರ್ ಇದೆ. ಚೌಕದ ಪ್ಲಾಸ್ಟಿಕ್ ಹಾಳೆಗಳ ಸೆಟ್ ಇದೆ, ಹೋಲ್ಡರ್ ಸಮೇತ. ಎನ್‌ಡಿ 8, ಎನ್‌ಡಿ 64, ಎನ್‌ಡಿ 1000 ಅಂತ ಬೇರೆ ಬೇರೆ ಇವೆ. ಒಟ್ಟು ಮೂರು ಸಾವಿರ ಮೀರಬಾರದು. ಟ್ರೈಪಾಡ್ ಇದೆ. ಯಾವುದು ತಗೊಳ್ಳಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಶರಾವತಿ ಹಿನ್ನೀರು:

ಕಣ್ಣು ಮುಚ್ಚಿ ಎನ್‌ಡಿ 1000 ತಗೊಳ್ಳಿ. ಲಾಂಗ್ ಎಕ್ಸ್‌ಪೋಶರ್ ಅಂದರೆ ಅದೇ. 8 ತಗೊಂಡರೆ ಆಮೇಲೆ ಸಾಕಾಗುವುದಿಲ್ಲ, ಮತ್ತೆ ದುಡ್ಡು ಹಾಕಬೇಕಾಗುತ್ತದೆ. ನನ್ನ ಹತ್ತಿರ ಇರುವುದು ಅದೊಂದೇ. ಹೊನ್ನೆಮರಡು, ಜೋಗ ಎಲ್ಲ ಕಡೆ ಅದರಲ್ಲೇ ತೆಗೆದಿದ್ದೇನೆ.

ತೀರ್ಥಹಳ್ಳಿ ಸ್ಟುಡಿಯೋ:

ತೋಟದವರೇ, ಸ್ವಲ್ಪ ತಡೆಯಿರಿ. ಹಿನ್ನೀರಿನವರು ಹೇಳಿದ್ದು ಹಿನ್ನೀರಿಗೆ ಸರಿ. ನಿಮ್ಮ ಹಳ್ಳಕ್ಕೆ ಎನ್‌ಡಿ 1000 ಬೇಡ. ಯಾಕೆ ಅಂತ ಬರೆಯುತ್ತೇನೆ, ಉದ್ದ ಆಗುತ್ತದೆ. ಬೆಳಗಿನಿಂದ ಕರೆಂಟ್ ಇಲ್ಲ, ಅಂಗಡಿಯಲ್ಲಿ ಗಿರಾಕಿಯೂ ಇಲ್ಲ.

ಎನ್‌ಡಿ 1000 ಅಂದರೆ 10 ಸ್ಟಾಪ್ ಫಿಲ್ಟರ್, ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಹೊಗಳುವವರಲ್ಲಿ ಜಾಸ್ತಿ ಜನ ಸಮುದ್ರದ ದಂಡೆಯಲ್ಲೋ ಕೆರೆಯ ಏರಿ ಮೇಲೋ ಬಯಲಲ್ಲಿ ನಿಂತು ತೆಗೆಯುವವರು. ನಮ್ಮ ಕಾಡಲ್ಲಿ ಬೆಳಕು ಎಲ್ಲಿದೆ ಮಾರಾಯ್ರೆ? ಮಳೆಗಾಲದಲ್ಲಿ ಹಳ್ಳದ ಹತ್ತಿರ ಮರದಡಿ ನಿಂತು ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 11 ಇಟ್ಟು ಕ್ಯಾಮೆರಾದ ಬೆಳಕಿನ ಮೀಟರ್ ನೋಡಿ. ಫಿಲ್ಟರ್ ಇಲ್ಲದೆಯೇ ಕಾಲು ಸೆಕೆಂಡಿನ ಆಸುಪಾಸು ತೋರಿಸುತ್ತದೆ. ಎನ್‌ಡಿ 1000 ಅಂದರೆ ಬೆಳಕು ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತದೆ. ಕಾಲು ಸೆಕೆಂಡ್ ಹೋಗಿ 256 ಸೆಕೆಂಡ್ ಆಯಿತು. ನಾಲ್ಕು ನಿಮಿಷಕ್ಕೂ ಜಾಸ್ತಿ! ಅಷ್ಟು ಹೊತ್ತಿನಲ್ಲಿ ಜರಿಗಿಡ ಅಲ್ಲಾಡುತ್ತದೆ, ಗಾಜಿನ ಮೇಲೆ ಹನಿ ಕೂರುತ್ತದೆ, ನಿಮ್ಮ ಕಾಲಿಗೆ ಉಂಬಳ ಹತ್ತಿ ರಕ್ತ ಕುಡಿದು ಇಳಿದೂ ಹೋಗಿರುತ್ತದೆ. ಇಷ್ಟೆಲ್ಲ ಆಗಿ ಫೋಟೋದಲ್ಲಿ ನೀರು ಇದ್ದ ಜಾಗದಲ್ಲಿ ಬರೀ ಬಿಳಿ. ಎಳೆ ಇಲ್ಲ, ಆಕಾರ ಇಲ್ಲ.

ನೀರು ಮೆತ್ತಗೂ ಕಾಣಬೇಕು, ಎಳೆಯೂ ಕಾಣಬೇಕು ಅಂದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಸಾಕು. ಹಳ್ಳ ತುಂಬಿ ರಭಸವಾಗಿ ಬೀಳುವಾಗ ಇನ್ನೂ ಕಮ್ಮಿ ಸಾಕು. ನಮ್ಮಲ್ಲಿಗೆ ಪ್ರೀವೆಡ್ಡಿಂಗ್‌ಗೆ ಬರುವ ಜೋಡಿಗಳಿಗೂ ಹಿಂದೆ ಹಾಲಿನ ನೀರೇ ಬೇಕು. ಅವರನ್ನು ಒಂದು ಸೆಕೆಂಡ್ ಅಲ್ಲಾಡದೆ ನಿಲ್ಲಿಸುವುದೇ ದೊಡ್ಡ ಕೆಲಸ. ಹುಡುಗನಿಗೆ ನಗು ಬರುತ್ತದೆ, ಹುಡುಗಿಗೆ ಸೊಳ್ಳೆ ಕಚ್ಚುತ್ತದೆ. ಅಂಥ ಕೆಲಸವನ್ನೆಲ್ಲ ಅರ್ಧ ಸೆಕೆಂಡಿನೊಳಗೇ ಮುಗಿಸುತ್ತೇನೆ. ಆಲ್ಬಮ್ ನೋಡಿದವರು ಯಾರೂ ನೀರು ಸಾಲದು ಅಂದಿಲ್ಲ.

ಹಾಗಾದರೆ ಏನು ತಗೊಳ್ಳಬೇಕು? ಮೊದಲು ಸಿಪಿಎಲ್. ಸರ್ಕ್ಯುಲರ್ ಪೋಲರೈಸರ್ ಅನ್ನುತ್ತಾರಲ್ಲ, ಅದು. ನೀವು ಕೇಳಿದ್ದು ಎನ್‌ಡಿ, ನಾನು ಹೇಳುತ್ತಿರುವುದು ಬೇರೆ, ಗೊತ್ತು. ಮಳೆ ನಿಂತ ಮೇಲೆ ನಿಮ್ಮ ಹಳ್ಳದ ಪಕ್ಕದ ಎಲೆ ನೋಡಿ. ಹಸಿರಿಗಿಂತ ಜಾಸ್ತಿ ಬಿಳಿ ಹೊಳಪೇ ಕಾಣುತ್ತದೆ. ಕಲ್ಲಿನ ಮೇಲೂ ಅದೇ ಹೊಳಪು. ಮೋಡದ ಬೆಳಕು ಒದ್ದೆ ಮೈ ಮೇಲೆ ಬಿದ್ದು ನಮ್ಮ ಕಡೆ ತಿರುಗುತ್ತದೆ. ಸಿಪಿಎಲ್ ಹಾಕಿ ಉಂಗುರ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಬಂದಾಗ ಹೊಳಪು ಇಳಿದು ಎಲೆಯ ಬಣ್ಣ, ಕಲ್ಲಿನ ಪಾಚಿ, ನೀರಿನ ಅಡಿಯ ಮರಳು ಎಲ್ಲ ಎದ್ದು ಬರುತ್ತದೆ. ಇದನ್ನು ಆಮೇಲೆ ಕಂಪ್ಯೂಟರಲ್ಲಿ ಕೂತು ಮಾಡಲು ಆಗುವುದಿಲ್ಲ. ನಿಧಾನ ಶಟರನ್ನಾದರೆ ಸಂಜೆ ಹೊತ್ತು ಹೋಗಿ ಫಿಲ್ಟರ್ ಇಲ್ಲದೆಯೂ ಪಡೆಯಬಹುದು. ಈ ಹೊಳಪು ಸಂಜೆಯೂ ಇರುತ್ತದೆ.

ಜೊತೆಗೆ ಸಿಪಿಎಲ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಕಾಲು ಸೆಕೆಂಡ್ ಇದ್ದದ್ದು ಹೆಚ್ಚುಕಮ್ಮಿ ಒಂದು ಸೆಕೆಂಡ್ ಆಗುತ್ತದೆ. ಮರದಡಿಯ ಹಳ್ಳಕ್ಕೆ ಲೆಕ್ಕ ಅಲ್ಲಿಗೇ ಮುಗಿಯಿತು, ಅಲ್ವಾ?

ಎರಡನೆಯದು 6 ಸ್ಟಾಪಿನ ಎನ್‌ಡಿ 64. ಇದು ಬಿಸಿಲಿಗೆ, ಬಯಲಿಗೆ. ನಡು ಹಗಲಲ್ಲಿ ಐಎಸ್‌ಒ 100, ಎಫ್ 16 ಇಟ್ಟರೆ ಶಟರ್ 125ರಲ್ಲಿ ಒಂದು ಭಾಗ ಬರುತ್ತದೆ. ಎನ್‌ಡಿ 64 ಹಾಕಿದರೆ ಅರ್ಧ ಸೆಕೆಂಡ್. ಮೋಡ ಕವಿದ ದಿನ ಎಫ್ 11ರಲ್ಲಿ 60ರಲ್ಲಿ ಒಂದು ಭಾಗ ಬಂದರೆ, ಫಿಲ್ಟರ್ ಹಾಕಿ ಒಂದು ಸೆಕೆಂಡ್. ತೀರ್ಥಹಳ್ಳಿ ರಾಮತೀರ್ಥದ ಬಂಡೆಗಳ ನಡುವೆ ತುಂಗೆ ಹರಿಯುವುದನ್ನು ಹಗಲಲ್ಲಿ ತೆಗೆಯಲು ನಾನು ಬಳಸುವುದು ಇದನ್ನೇ.

ಕೊಳ್ಳುವಾಗ ಲೇಬಲ್ ಸರಿಯಾಗಿ ಓದಿ. ಒಂದೇ ಫಿಲ್ಟರಿಗೆ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಾರೆ. ಎನ್‌ಡಿ 8 ಅಂದರೂ 0.9 ಅಂದರೂ 3 ಸ್ಟಾಪ್. ಎನ್‌ಡಿ 64 ಅಂದರೂ 1.8 ಅಂದರೂ 6 ಸ್ಟಾಪ್. ಎನ್‌ಡಿ 1000 ಮತ್ತು 3.0 ಎರಡೂ 10 ಸ್ಟಾಪ್. ಮೂರು ಸ್ಟಾಪ್ ಬೇಕು ಅಂತ 3.0 ತರಿಸಿ, 'ಏನೂ ಕಾಣುವುದಿಲ್ಲ ಸಾರ್, ಕ್ಯಾಮೆರಾ ಹಾಳಾಗಿದೆ' ಅಂತ ಅಂಗಡಿಗೆ ಬಂದವರಿದ್ದಾರೆ.

ಚೌಕದ ಪ್ಲಾಸ್ಟಿಕ್ ಸೆಟ್ ಬೇಡವೇ ಬೇಡ. ಎರಡು ಸಲ ಒರೆಸಿದರೆ ಗೀರು. ಹೋಲ್ಡರಿನ ಸಂದಿಯಿಂದ ಹಿಂದಿನ ಬೆಳಕು ನುಗ್ಗುತ್ತದೆ. ಎರಡು ಹಾಳೆ ಒಟ್ಟಿಗೆ ಹಾಕಿದರೆ ಆಕಾಶ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಚೌಕದ ಫಿಲ್ಟರಲ್ಲಿ ಒಳ್ಳೆಯವೂ ಇವೆ, ಲೀ, ನಿಸಿ ಮಾಡುವ ಗಾಜಿನವು. ಅವುಗಳ ಬೆಲೆ ಕೇಳಿದರೆ ನಿಮ್ಮ 10-18 ನೆನಪಾಗುತ್ತದೆ. ದುಂಡಗಿನ, ಗಾಜಿನ, ಮಲ್ಟಿ ಕೋಟಿಂಗ್ ಇರುವ ಫಿಲ್ಟರ್ ನೋಡಿ. ಹೋಯಾ, ಕೆ ಅಂಡ್ ಎಫ್ ಕಾನ್ಸೆಪ್ಟ್, ಟಿಫೆನ್, ಯಾವುದಾದರೂ ಸರಿ. ಇವರದೇ ಮಾಲಲ್ಲೂ ಮೇಲಿನ ದರ್ಜೆಯದು ನಿಮಗೆ ಬೇಕಿಲ್ಲ. 18-55 ಲೆನ್ಸಿನ ಮುಂದೆ ಅದಕ್ಕಿಂತ ದುಬಾರಿ ಗಾಜು ಇಟ್ಟು ಏನು ಮಾಡುವುದು?

ಶಿವಮೊಗ್ಗ ಹಾಸ್ಟೆಲ್ ರೂಮು:

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಫಿಲ್ಟರಿಗೆ ದುಡ್ಡಿಲ್ಲ. ಫಿಲ್ಟರ್ ಇಲ್ಲದೆ ಮಾಡುವ ದಾರಿ ಹೇಳುತ್ತೇನೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಅಲ್ಲಾಡದ ಹಾಗೆ ಇಟ್ಟು ಒಂದೇ ದೃಶ್ಯದ ಹದಿನಾರು ಫೋಟೋ ತೆಗೆಯಿರಿ, ಒಂದರ ಹಿಂದೆ ಒಂದು. ಶಟರ್ 8ರಲ್ಲಿ ಒಂದು ಭಾಗ ಇದ್ದರೆ ಹದಿನಾರೂ ಸೇರಿ 2 ಸೆಕೆಂಡ್ ಆಯಿತು. ಗಿಂಪ್ ಉಚಿತ ಸಾಫ್ಟ್‌ವೇರ್. ಅದರಲ್ಲಿ ಎಲ್ಲವನ್ನೂ ಲೇಯರ್ ಆಗಿ ಒಂದರ ಮೇಲೊಂದು ಹಾಕಿ. ಕೆಳಗಿನದಕ್ಕೆ ಒಪಾಸಿಟಿ (ಲೇಯರ್ ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನುವ ಶೇಕಡಾ ಲೆಕ್ಕ) 100, ಎರಡನೆಯದಕ್ಕೆ 50, ಮೂರನೆಯದಕ್ಕೆ 33, ನಾಲ್ಕನೆಯದಕ್ಕೆ 25. ಹೀಗೆ ನೂರನ್ನು ಲೇಯರಿನ ನಂಬರಿನಿಂದ ಭಾಗಿಸುತ್ತಾ ಹೋಗಿ. ಸರಾಸರಿ ಸಿಗುತ್ತದೆ, ನೀರು ಮೆತ್ತಗಾಗುತ್ತದೆ. ನಾಯ್ಸ್, ಅಂದರೆ ಫೋಟೋದಲ್ಲಿ ಕಾಣುವ ಕಾಳು ಕಾಳು, ಅದೂ ಇಳಿಯುತ್ತದೆ. ಗಾಜನೂರು ಕಡೆ ತುಂಗೆಯಲ್ಲಿ ಹೀಗೇ ತೆಗೆದೆ, ಚೆನ್ನಾಗಿ ಬಂತು.

ಶಟರ್ ತುಂಬಾ ವೇಗ ಇದ್ದರೆ ಮಾತ್ರ ಕೆಲಸ ಕೆಡುತ್ತದೆ. 500ರಲ್ಲಿ ಒಂದು ಭಾಗದಲ್ಲಿ ತೆಗೆದರೆ ಪ್ರತಿ ಹನಿಯೂ ಬೇರೆ ಬೇರೆ ಚುಕ್ಕೆಯಾಗಿ ಕೂರುತ್ತದೆ.

ಇನ್ನೊಂದು, ವೆಲ್ಡಿಂಗ್ ಗಾಜು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಲೆನ್ಸಿನ ಮುಂದೆ ಕಟ್ಟಬಹುದು.

ತೀರ್ಥಹಳ್ಳಿ ಸ್ಟುಡಿಯೋ:

ಹಾಸ್ಟೆಲ್ ಹುಡುಗ ಹೇಳಿದ ಮೊದಲನೇ ದಾರಿ ಒಳ್ಳೆಯದು. ದುಡ್ಡು ಇದ್ದವರೂ ಕಲಿತಿರಬೇಕು. ವೆಲ್ಡಿಂಗ್ ಗಾಜಿನ ಆಟ ಗೊತ್ತು ತಮ್ಮ. ಫೋಟೋ ಪೂರ್ತಿ ಗಾಢ ಹಸಿರು ಬರುತ್ತದೆ. ಕಪ್ಪು ಬಿಳುಪು ಮಾಡಿಕೊಂಡರೆ ನಡೆಯುತ್ತದೆ. ಮಲೆನಾಡಲ್ಲಿ ಕೂತು ಮಳೆಗಾಲವನ್ನು ಕಪ್ಪು ಬಿಳುಪಲ್ಲಿ ತೆಗೆಯುವುದು ನಿನ್ನ ಇಷ್ಟ.

ಸಾಗರದ ಸೈನ್ಸ್ ಮೇಷ್ಟ್ರು:

ಸ್ಟುಡಿಯೋದವರ ಮಾತಿಗೆ ನನ್ನ ಒಪ್ಪಿಗೆ ಇದೆ. ಅಗ್ಗದ ಎನ್‌ಡಿ ಫಿಲ್ಟರ್ ಬಗ್ಗೆ ಅವರು ಬಿಟ್ಟ ಒಂದು ಸಂಗತಿ ಸೇರಿಸುತ್ತೇನೆ.

ಕಡಿಮೆ ಬೆಲೆಯ ಗಾಢ ಫಿಲ್ಟರ್‌ಗಳಲ್ಲಿ ಹಲವು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತವೆ, ಅವಕೆಂಪು ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಕಣ್ಣಿಗೆ ಅದು ಕಾಣದು, ಸೆನ್ಸರಿಗೆ ಸ್ವಲ್ಪ ಕಾಣುತ್ತದೆ. ಫಿಲ್ಟರ್ ಇಲ್ಲದಾಗ ಕಾಣುವ ಬೆಳಕು ಜಾಸ್ತಿ ಇರುವುದರಿಂದ ಈ ಕೊಂಚ ಅವಕೆಂಪು ಲೆಕ್ಕಕ್ಕೆ ಬರುವುದಿಲ್ಲ. ಕಾಣುವ ಬೆಳಕನ್ನು ಸಾವಿರದಲ್ಲಿ ಒಂದಕ್ಕೆ ಇಳಿಸಿದ ಮೇಲೆ ಅದೇ ಮೇಲುಗೈ ಆಗುತ್ತದೆ. ಅಲ್ಲದೆ ಹಸಿರೆಲೆ ಅವಕೆಂಪನ್ನು ತುಂಬಾ ಜೋರಾಗಿ ಪ್ರತಿಫಲಿಸುತ್ತದೆ. ಹಾಗಾಗಿ ಸಮುದ್ರ, ಮರಳಿನ ಫೋಟೋದಲ್ಲಿ ಗೊತ್ತಾಗದ ದೋಷ ನಮ್ಮ ಕಾಡಿನ ಫೋಟೋದಲ್ಲಿ ಎದ್ದು ಕಾಣುತ್ತದೆ. ಹಸಿರು ಎಲ್ಲ ಕಂದು ಕಂದಾಗುತ್ತದೆ. ಫೋಟೋದ ಮೇಲೆ ಒಂದೇ ಸಮ ಬಣ್ಣ ಬಿದ್ದಿದ್ದರೆ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಬದಲಿಸಿ ಸರಿ ಮಾಡಬಹುದು. ಇದು ಎಲೆಗೆ ಒಂದು ತರಹ, ಕಲ್ಲಿಗೆ ಒಂದು ತರಹ ಬೀಳುತ್ತದೆ. ಸರಿ ಮಾಡುವುದು ಕಷ್ಟ. 6 ಸ್ಟಾಪಲ್ಲಿ ಈ ಕಾಟ 10ಕ್ಕಿಂತ ಕಮ್ಮಿ. ಡಬ್ಬದ ಮೇಲೆ ಐಆರ್ ಕಟ್, ಅಂದರೆ ಅವಕೆಂಪು ತಡೆ, ಅಂತ ಇದ್ದರೆ ಒಳ್ಳೆಯದು. ಏನೇ ಆಗಲಿ ರಾ ಫೈಲಿನಲ್ಲೇ (ಆಮೇಲೆ ಬಣ್ಣ ತಿದ್ದಲು ಸುಲಭವಾದ, ಸೆನ್ಸರಿನ ಮೂಲ ಫೈಲು) ತೆಗೆಯಿರಿ.

ವೇರಿಯೆಬಲ್ ಅಂದರೆ ಎರಡು ಪೋಲರೈಸರ್ ಎದುರುಬದುರು ಕೂರಿಸಿದ್ದು. ತಿರುಗಿಸಿದ ಹಾಗೆ ಕತ್ತಲಾಗುತ್ತದೆ. ಡಬ್ಬದ ಮೇಲೆ 2ರಿಂದ 400 ಅಂತ ಬರೆದಿರುತ್ತಾರೆ. ಆ 400ರ ಹತ್ತಿರ ಹೋದರೆ ಫೋಟೋ ನಡುವೆ ಕತ್ತರಿ ಆಕಾರದ ಕಪ್ಪು ಪಟ್ಟೆ ಬರುತ್ತದೆ. ಲೆನ್ಸ್ ಅಗಲ ಆದಷ್ಟೂ ಬೇಗ ಬರುತ್ತದೆ. 18ರಲ್ಲೇ ಕಾಟ, ನಿಮ್ಮ 10-18ರಲ್ಲಿ ಕೇಳುವುದೇ ಬೇಡ. ವಿಡಿಯೋ ಮಾಡುವವರಿಗೆ ಒಳ್ಳೆಯ ಕಂಪನಿಯ ವೇರಿಯೆಬಲ್ ಉಪಯೋಗಕ್ಕೆ ಬರುತ್ತದೆ. 400 ರೂಪಾಯಿಯದು ಬೇಡ.

ಜೋಗಕ್ಕೆ ಸಿಪಿಎಲ್ ಒಯ್ಯುವವರಿಗೆ ಒಂದು ಕಿವಿಮಾತು. ಕಾಮನಬಿಲ್ಲಿನ ಬೆಳಕು ಪೋಲರೈಸ್ ಆಗಿರುತ್ತದೆ. ಒಂದು ಕಡೆ ತಿರುಗಿಸಿದರೆ ಕಾಮನಬಿಲ್ಲು ಮಾಯ, ಇನ್ನೊಂದು ಕಡೆ ತಿರುಗಿಸಿದರೆ ಇನ್ನೂ ಗಾಢ. ಎಷ್ಟೋ ಜನ ಗೊತ್ತಿಲ್ಲದೆ ಅಳಿಸಿಕೊಂಡು ಮನೆಗೆ ಹೋಗುತ್ತಾರೆ. ಇನ್ನೊಂದು ಮುಖ್ಯ ಮಾತು. ಎನ್‌ಡಿ 1000 ಹಾಕಿದ್ದೇನೆ ಅಂತ ವ್ಯೂಫೈಂಡರಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ. ಅದು ಗ್ರಹಣ ನೋಡುವ ಫಿಲ್ಟರ್ ಅಲ್ಲ, ಕಣ್ಣು ಹೋಗುತ್ತದೆ.

ಹೊಸನಗರ ತೋಟದವ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಸ್ಟುಡಿಯೋ ಅಣ್ಣ, ಇವತ್ತು ಬೆಳಿಗ್ಗೆ ಹಳ್ಳದ ಹತ್ತಿರ ಹೋಗಿ ಮೀಟರ್ ನೋಡಿದೆ. ನೀವು ಹೇಳಿದಂತೆಯೇ ಎಫ್ 11ರಲ್ಲಿ ಕಾಲು ಸೆಕೆಂಡ್ ಬಂತು. ಎನ್‌ಡಿ 1000 ಆಸೆ ಬಿಟ್ಟೆ. ಇನ್ನೂ ಒಂದೆರಡು ಪ್ರಶ್ನೆ ಇವೆ. ನನ್ನ ಎರಡೂ ಲೆನ್ಸಿನ ಮೇಲೆ ಫಿಲ್ಟರಿನ ಅಳತೆ 58 ಮಿ.ಮೀ. ಅಂತ ಇದೆ. 58ರದ್ದೇ ತಗೊಳ್ಳಲಾ? ಸಿಪಿಎಲ್, ಎನ್‌ಡಿ ಎರಡನ್ನೂ ಒಟ್ಟಿಗೆ ಹಾಕಬಹುದಾ? ಆನ್‌ಲೈನಲ್ಲಿ ತರಿಸಿದರೆ ಅದು ಸರಿ ಇದೆಯೋ ಇಲ್ಲವೋ ಹೇಗೆ ನೋಡುವುದು? ನಮ್ಮ ಕಡೆ ಇಂಥದ್ದು ಇಟ್ಟಿರುವ ಅಂಗಡಿ ಇಲ್ಲ. ಮಳೆಯಲ್ಲಿ ಕ್ಯಾಮೆರಾ ಕಾಪಾಡುವುದಕ್ಕೆ ಏನಾದರೂ ಉಪಾಯ ಇದ್ದರೆ ಅದನ್ನೂ ಹೇಳಿ.

ತೀರ್ಥಹಳ್ಳಿ ಸ್ಟುಡಿಯೋ:

58 ಬೇಡ, 67 ತಗೊಳ್ಳಿ. ನೀವು ಕಣ್ಣಿಟ್ಟಿರುವ ಕ್ಯಾನನ್ 10-18ರ ಮೂತಿ 67. ಈಗಲೇ 67ರ ಫಿಲ್ಟರ್ ತಗೊಂಡು, 58ರಿಂದ 67ಕ್ಕೆ ಏರಿಸುವ ಸ್ಟೆಪ್ ಅಪ್ ರಿಂಗ್ ಒಂದು ತರಿಸಿ. ಬಹಳ ಸಣ್ಣ ಖರ್ಚು. ಮೂರು ಲೆನ್ಸಿಗೂ ಒಂದೇ ಫಿಲ್ಟರ್ ಸಾಕು. ದೊಡ್ಡ ಫಿಲ್ಟರ್ ಆದ್ದರಿಂದ ಮೂಲೆ ಕಪ್ಪಾಗುವ ಕಾಟವೂ ಕಮ್ಮಿ. ನಷ್ಟ ಅಂದರೆ ಲೆನ್ಸ್ ಹುಡ್ ಹಾಕಲು ಬರುವುದಿಲ್ಲ. ಕಾಡೊಳಗೆ ಹುಡ್ ಇಲ್ಲದಿದ್ದರೂ ನಡೆಯುತ್ತದೆ. ಬಿಸಿಲು ಪಕ್ಕದಿಂದ ಬಿದ್ದರೆ ಕೈ ಅಡ್ಡ ಹಿಡಿಯಿರಿ.

ಎರಡನ್ನೂ ಒಟ್ಟಿಗೆ ಹಾಕಬಹುದು, ಎನ್‌ಡಿ ಒಳಗೆ, ಸಿಪಿಎಲ್ ಹೊರಗೆ. ಹೊರಗಿದ್ದರೆ ತಿರುಗಿಸಲು ಸುಲಭ. 10-18ರ ಅಗಲದಲ್ಲಿ ಎರಡು ಹಾಕಿದರೆ ಮೂಲೆ ಕಪ್ಪಾಗುತ್ತದೆ, ಸ್ವಲ್ಪ ಜೂಮ್ ಮಾಡಿಕೊಳ್ಳಿ. ಬಿಗಿಯಾಗಿ ತಿರುಗಿಸಬೇಡಿ. ಅಲ್ಯೂಮಿನಿಯಂ ರಿಂಗುಗಳು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸುವಷ್ಟರಲ್ಲಿ ಬೆವರು ಬರುತ್ತದೆ. ಹಿತ್ತಾಳೆ ರಿಂಗ್ ಅಷ್ಟು ಕಚ್ಚುವುದಿಲ್ಲ, ರೇಟು ಜಾಸ್ತಿ. ಸಿಕ್ಕಿಕೊಂಡರೆ ಬೆರಳಲ್ಲಿ ಒತ್ತಿ ಹಿಡಿಯಬೇಡಿ. ಒತ್ತಿದಷ್ಟೂ ರಿಂಗ್ ಸೊಟ್ಟಗಾಗಿ ಇನ್ನೂ ಬಿಗಿಯಾಗುತ್ತದೆ. ಅಗಲದ ರಬ್ಬರ್ ಬ್ಯಾಂಡ್ ಅಂಚಿಗೆ ಸುತ್ತಿ ಹಗುರವಾಗಿ ತಿರುಗಿಸಿ.

ಇನ್ನು ನಿಮ್ಮ 18-55ರ ಒಂದು ಗುಣ ಹೇಳಲೇಬೇಕು. 1500ಡಿ ಜೊತೆ ಬರುವ ಆ ಲೆನ್ಸ್ ಫೋಕಸ್ ಮಾಡುವಾಗ ಮೂತಿಯೇ ತಿರುಗುತ್ತದೆ. ಸಿಪಿಎಲ್ ಸರಿ ಮಾಡಿಕೊಂಡು ಆಮೇಲೆ ಫೋಕಸ್ ಮಾಡಿದರೆ ಎಲ್ಲ ತಪ್ಪಿ ಹೋಗುತ್ತದೆ. ಮೊದಲು ಫೋಕಸ್ ಮಾಡಿ. ಲೆನ್ಸಿನ ಪಕ್ಕದ ಗುಂಡಿಯನ್ನು ಎಂಎಫ್‌ಗೆ (ಕೈಯಲ್ಲಿ ಫೋಕಸ್ ಮಾಡುವುದು) ತಳ್ಳಿ. ಆಮೇಲೆ ಸಿಪಿಎಲ್ ತಿರುಗಿಸಿ. ಎನ್‌ಡಿ ಹಾಕುವುದಾದರೂ ಫೋಕಸ್ ಆದ ಮೇಲೇ ಹಾಕಿ, ಮೂತಿ ಅಲ್ಲಾಡದ ಹಾಗೆ. ಅದರ ಪಕ್ಕದಲ್ಲೇ ಸ್ಟೆಬಿಲೈಸರ್ ಗುಂಡಿ ಇದೆ. ಟ್ರೈಪಾಡ್ ಮೇಲೆ ಅದು ಆಫ್ ಇರಲಿ. ಟೈಮರ್ 2 ಸೆಕೆಂಡಿಗೆ ಇಡಿ, ಒತ್ತಿದ ಅದುರು ಇಳಿಯುತ್ತದೆ. ವ್ಯೂಫೈಂಡರ್ ಮೇಲೆ ಕಪ್ಪು ಬಟ್ಟೆ ಹಾಕಿ. ಶಟರ್ ತುಂಬಾ ಹೊತ್ತು ತೆರೆದಿದ್ದಾಗ ಹಿಂದಿನಿಂದ ಬೆಳಕು ನುಗ್ಗಿ ಫೋಟೋ ಮಸುಕಾಗುತ್ತದೆ, ಮೀಟರಿನ ಲೆಕ್ಕವೂ ತಪ್ಪುತ್ತದೆ. ಶಟರ್ ನಿಧಾನ ಮಾಡಬೇಕು ಅಂತ ಎಫ್ 22ಕ್ಕೆ ಹೋಗಬೇಡಿ. ಆ 24 ಮೆಗಾಪಿಕ್ಸೆಲ್ ಸೆನ್ಸರಲ್ಲಿ ಎಫ್ 16 ದಾಟಿದರೆ ಎಲೆಯ ಅಂಚೆಲ್ಲ ಮೆತ್ತಗಾಗುತ್ತದೆ.

ಪಾರ್ಸೆಲ್ ಬಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವವರೆಗೆ ಕಾಯಬೇಡಿ. ಟ್ಯೂಬ್‌ಲೈಟ್ ಕೆಳಗೆ ಫಿಲ್ಟರ್ ಹಿಡಿದು ಅದರಲ್ಲಿ ಕಾಣುವ ಟ್ಯೂಬಿನ ಬಿಂಬ ನೋಡಿ. ಕೋಟಿಂಗ್ ಇದ್ದರೆ ಬಿಂಬ ಮಂದವಾಗಿ, ಹಸಿರೋ ನೇರಳೆಯೋ ಆಗಿ ಕಾಣುತ್ತದೆ. ಬೆಳ್ಳಗೆ ಫಳಫಳ ಹೊಳೆದರೆ ಸಾದಾ ಗಾಜು. ಸಿಪಿಎಲನ್ನು ಮೊಬೈಲ್ ಅಥವಾ ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ತಿರುಗಿಸಿ, ಹಿಂದೆ ಮುಂದೆ ಎರಡೂ ಕಡೆಯಿಂದ. ಲೆನ್ಸ್ ಕಡೆಯ ಮುಖ ನಿಮ್ಮತ್ತ ಇದ್ದಾಗ ಹೆಚ್ಚಿನ ಎಲ್‌ಸಿಡಿ ಪರದೆಗಳು ಒಂದು ಕೋನದಲ್ಲಿ ಕಪ್ಪಾಗಬೇಕು. ಏನೂ ಬದಲಾಗದಿದ್ದರೆ ಅದು ಬರೀ ಕಪ್ಪು ಗಾಜು. ಅಂಥದ್ದೊಂದು ನನಗೂ ಬಂದಿತ್ತು, ಡಬ್ಬ ಮಾತ್ರ ಭಾರಿ ಚಂದ. ಅಂಗಡಿಯ ಹೆಸರು ಬೇಡ ಬಿಡಿ, ದುಡ್ಡು ವಾಪಸ್ ಕೊಟ್ಟರು.

ಎನ್‌ಡಿ 64ಕ್ಕೆ ಪರೀಕ್ಷೆ ಹೀಗೆ. ಬಿಳಿ ಗೋಡೆಯನ್ನು ಮೊದಲು ಫಿಲ್ಟರ್ ಇಲ್ಲದೆ 60ರಲ್ಲಿ ಒಂದು ಭಾಗಕ್ಕೆ ತೆಗೆಯಿರಿ. ಆಮೇಲೆ ಫಿಲ್ಟರ್ ಹಾಕಿ 1 ಸೆಕೆಂಡಿಗೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಒಂದೇ ಕಡೆ ಇರಲಿ. ಹಿಸ್ಟೋಗ್ರಾಮ್ (ಫೋಟೋದ ಬೆಳಕು ಕತ್ತಲು ತೋರಿಸುವ ನಕ್ಷೆ) ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಬಂದರೆ 6 ಸ್ಟಾಪ್ ನಿಜ. ಅರ್ಧ ಸ್ಟಾಪ್ ಆಚೀಚೆ ಇದ್ದರೆ ಬಿಟ್ಟುಬಿಡಿ. ಆಮೇಲೆ ಹೊರಗೆ ಹೋಗಿ ತೋಟವನ್ನೇ ಹಾಗೇ ಎರಡು ಸಲ ತೆಗೆದು ಹಸಿರು ಹೋಲಿಸಿ. ಮೇಷ್ಟ್ರು ಹೇಳಿದ ಕಂದು ಬಣ್ಣ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅಡಿಕೆ ತೋಟಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 55-250ರಲ್ಲಿ ಪೂರ್ತಿ ಜೂಮ್ ಮಾಡಿ ಒಂದು ತೆಗೆಯಿರಿ. ಗಾಜು ಸಮ ಇಲ್ಲದಿದ್ದರೆ ಅಲ್ಲಿ ಮೊದಲು ಸಿಕ್ಕಿ ಬೀಳುತ್ತದೆ.

ಮಳೆಗೆ ದೊಡ್ಡ ಉಪಾಯ ಏನಿಲ್ಲ. ತಲೆಗೆ ಹಾಕುವ ಶವರ್ ಕ್ಯಾಪ್ ಕ್ಯಾಮೆರಾ ಮೇಲೆ, ಕೊಡೆ ಹಿಡಿಯಲು ಒಬ್ಬ ಜೊತೆಗಾರ, ಜೇಬಿನಲ್ಲಿ ಎರಡು ಒಣ ಬಟ್ಟೆ. ಪ್ರತಿ ಫೋಟೋಗೂ ಮುಂಚೆ ಗಾಜು ನೋಡಿ. ಅಬ್ಬಿಯ ಎರಚಲು ನಾಲ್ಕು ಹನಿ ಕೂತರೆ ಸಾಕು, ಮನೆಗೆ ಬಂದು ನೋಡಿದಾಗ ಎಲ್ಲ ಫೋಟೋದಲ್ಲೂ ಮಸುಕು ಚುಕ್ಕೆ.

ಮಳೆಗಿಂತ ಫಂಗಸ್ ಕೆಟ್ಟದ್ದು. ಒದ್ದೆ ಫಿಲ್ಟರನ್ನು ಹಾಗೇ ಡಬ್ಬಕ್ಕೆ ಹಾಕಿಟ್ಟರೆ ಆಗಸ್ಟ್ ಮುಗಿಯುವಷ್ಟರಲ್ಲಿ ಗಾಜಿನ ಮೇಲೆ ಬೂಷ್ಟು. ಕ್ಯಾಮೆರಾ ಬ್ಯಾಗಲ್ಲೂ ಇಡಬೇಡಿ, ಬ್ಯಾಗೇ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಜೆಲ್ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ರೀಲಿನ ಕಾಲದಲ್ಲಿ ನಾವು ಮರದ ಪೆಟ್ಟಿಗೆಯೊಳಗೆ ಸಣ್ಣ ಬಲ್ಬ್ ಉರಿಸಿಟ್ಟು ಲೆನ್ಸ್ ಕಾಪಾಡುತ್ತಿದ್ದೆವು. ಆ ಪೆಟ್ಟಿಗೆ ಈಗಲೂ ಅಂಗಡಿಯಲ್ಲಿದೆ. ಕರೆಂಟ್ ಇದ್ದರೆ ಕೆಲಸವನ್ನೂ ಮಾಡುತ್ತದೆ.

ಅವಸರ ಮಾಡಬೇಡಿ. ಮೊದಲ ಮಳೆಗೆ ಹಳ್ಳದಲ್ಲಿ ಬರುವುದು ಕೆಂಪು ನೀರು. ಯಾವ ಫಿಲ್ಟರ್ ಹಾಕಿದರೂ ಅದು ಹಾಲಾಗುವುದಿಲ್ಲ. ಮಣ್ಣು ತೊಳೆದು ನೀರು ತಿಳಿಯಾಗಲಿ. ಮಘೆ ಮಳೆ ಹೊತ್ತಿಗೆ ಹೋದರೆ ನೀರೂ ಇರುತ್ತದೆ, ಕಲ್ಲಿನ ಮೇಲೆ ಪಾಚಿಯೂ ತುಂಬಿರುತ್ತದೆ. ಮೇಲೆ ಗುಡ್ಡದಲ್ಲಿ ಮಳೆ ಹೊಯ್ಯುವಾಗ ಮಾತ್ರ ಹಳ್ಳದ ನಡುವೆ ಟ್ರೈಪಾಡ್ ಇಟ್ಟು ನಿಲ್ಲಬೇಡಿ. ನೀರು ಏರುವುದು ಗೊತ್ತೇ ಆಗುವುದಿಲ್ಲ.

ಶರಾವತಿ ಹಿನ್ನೀರು:

ಎಲ್ಲರೂ ಸೇರಿ ನನ್ನ ಎನ್‌ಡಿ 1000ವನ್ನು ಮೂಲೆಗೆ ತಳ್ಳಿದಿರಿ. ಹೊನ್ನೆಮರಡಿನಲ್ಲಿ ಬೆಳಿಗ್ಗೆ ಒಂಬತ್ತರ ಬಿಸಿಲಲ್ಲಿ ಗಾಳಿಗೆ ನೀರೆಲ್ಲ ಸುಕ್ಕು ಸುಕ್ಕಾಗಿರುತ್ತದೆ. 30 ಸೆಕೆಂಡ್ ಬಿಟ್ಟರೆ ನೀರು ನಯವಾಗಿ, ಒಣಮರ ಒಂದೇ ನಿಂತ ಹಾಗೆ, ಮೇಲೆ ಮೋಡ ಎಳೆದ ಹಾಗೆ ಬರುತ್ತದೆ. ಅದು 6 ಸ್ಟಾಪಲ್ಲಿ ಆಗುತ್ತದಾ ಹೇಳಿ. ಜೋಗಕ್ಕೂ ನನಗೆ ಅದೇ ಬೇಕು.

ತೀರ್ಥಹಳ್ಳಿ ಸ್ಟುಡಿಯೋ:

ಹೊನ್ನೆಮರಡಿಗೆ ನೀವು ಹೇಳಿದ್ದು ಸರಿ ಮಾರಾಯ್ರೆ, ಅಲ್ಲಿ 10 ಸ್ಟಾಪೇ ಬೇಕು. ಮೋಡ ಓಡುವುದನ್ನು ತೆಗೆಯುವವರಿಗೂ ಅದೇ. ಜೋಗದಲ್ಲಿ ನನ್ನ ತಕರಾರಿದೆ. 253 ಮೀಟರ್ ಎತ್ತರದ ಅಬ್ಬಿ, ನಾವು ನಿಲ್ಲುವುದು ಕಣಿವೆಯ ಈಚೆ ದಡದಲ್ಲಿ. ದೂರದಿಂದ ನೋಡುವಾಗ ಫೋಟೋದಲ್ಲಿ ನೀರು ಸರಿಯುವುದು ನಿಧಾನ. ಹಾಗಾಗಿ ಹತ್ತಿರದ ಹಳ್ಳಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಒಪ್ಪುತ್ತೇನೆ. ಆದರೆ ಒಂದು, ಎರಡು ಸೆಕೆಂಡ್ ಧಾರಾಳವಾಯಿತು. 30 ಸೆಕೆಂಡ್ ಬಿಟ್ಟರೆ ರಾಜ ಯಾವುದು, ರೋರರ್ ಯಾವುದು ಅಂತ ಗೊತ್ತಾಗದ ಹಾಗೆ ಎಲ್ಲ ಒಂದೇ ಬಿಳಿ. ರಾಕೆಟ್ಟಿನ ನೀರು ಚಿಮ್ಮುವುದೇ ಅದರ ಚಂದ. ಅದನ್ನೂ ಅಳಿಸಿದರೆ ಜೋಗಕ್ಕೆ ಯಾಕೆ ಹೋಗಬೇಕು?

ಸಾಗರದ ಸೈನ್ಸ್ ಮೇಷ್ಟ್ರು:

ಜುಲೈಯಲ್ಲಿ ಹೋದರೆ ಮಂಜು ಸರಿಯುವವರೆಗೂ ರಾಜನೂ ಇಲ್ಲ, ರಾಣಿಯೂ ಇಲ್ಲ. ಆ ಹೊತ್ತಿಗೆ ಯಾವ ಫಿಲ್ಟರ್ ಆದರೂ ಒಂದೇ.

ಹೊಸನಗರ ತೋಟದವ:

67ರ ಸಿಪಿಎಲ್ ಮತ್ತು 58-67 ರಿಂಗ್ ಆರ್ಡರ್ ಮಾಡಿದೆ. ಎನ್‌ಡಿ 64 ಮುಂದಿನ ತಿಂಗಳು ನೋಡುತ್ತೇನೆ. ಗಾಳಿಗೆ ಜರಿಗಿಡ ಅಲ್ಲಾಡುತ್ತದೆ ಅಂದಿರಲ್ಲ ಅಣ್ಣ, ಅದಕ್ಕೇನು ಮಾಡುವುದು? ನಮ್ಮ ಹಳ್ಳದ ದಂಡೆ ಪೂರ್ತಿ ಅದೇ ಇದೆ.

ತೀರ್ಥಹಳ್ಳಿ ಸ್ಟುಡಿಯೋ:

ಟ್ರೈಪಾಡ್ ಅಲ್ಲಾಡಿಸದೆ ಎರಡು ಫೋಟೋ ತೆಗೆಯಿರಿ. ಒಂದು ನೀರಿಗೆ, 1 ಸೆಕೆಂಡ್. ಇನ್ನೊಂದು ಎಲೆಗೆ. ಅದಕ್ಕೆ ಐಎಸ್‌ಒ 1600ಕ್ಕೆ ಏರಿಸಿದರೆ ಅದೇ ಬೆಳಕಿಗೆ 15ರಲ್ಲಿ ಒಂದು ಭಾಗ ಸಿಗುತ್ತದೆ. ಗಾಳಿ ಒಂದು ಕ್ಷಣ ನಿಂತಾಗ ಒತ್ತಿ. ಹುಡುಗ ಹೇಳಿದ ಗಿಂಪಿನಲ್ಲೇ ಎರಡನ್ನೂ ಲೇಯರ್ ಮಾಡಿ, ಬೇಡದ ಭಾಗ ಮರೆಮಾಡುವ ಮಾಸ್ಕ್ ಹಾಕಿ, ಎಲೆ ಇದರಿಂದ, ನೀರು ಅದರಿಂದ ತಗೊಳ್ಳಿ. ಬರದಿದ್ದರೆ ಎರಡೂ ಫೈಲ್ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಬನ್ನಿ, ತೋರಿಸಿ ಕೊಡುತ್ತೇನೆ. ಬರುವ ಭಾನುವಾರ ಬೇಡ, ಕೊಪ್ಪದಲ್ಲಿ ಗೃಹಪ್ರವೇಶದ ಆರ್ಡರ್ ಇದೆ.